ಲೋಡ್ ಹಾಕಿ ಏರು ಹತ್ತಿಸುವಾಗ ಮಿಸ್ ಹೊಡೆಯುವ ಹಳೇ ಪೆಟ್ರೋಲ್ ಗಾಡಿ: ದೋಷ ಹುಡುಕುವ ದಾರಿ

ಗಾಡಿ ಖಾಲಿ ಇದ್ದಾಗ ಏನೂ ತೊಂದರೆ ಇಲ್ಲ. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ ಸಮ ಇರುತ್ತದೆ, ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಹಿಂದೆ ಮೂಟೆ ತುಂಬಿ ಏರಿಗೆ ಬಿಟ್ಟರೆ ಮಾತ್ರ ಕಥೆ ಬೇರೆ. ಟಾಪ್ ಗೇರಲ್ಲಿ ಆಕ್ಸಲರೇಟರ್ ಒತ್ತಿದ ತಕ್ಷಣ ಗಾಡಿ ಕುಪ್ಪಳಿಸಲು ಶುರು ಮಾಡುತ್ತದೆ. ಕಾಲು ಸ್ವಲ್ಪ ಸಡಿಲ ಮಾಡಿದರೆ ಮತ್ತೆ ಸರಿ. ಮೆಕ್ಯಾನಿಕ್ ಹತ್ತಿರ ತಗೊಂಡು ಹೋದರೆ ನಿಂತಲ್ಲೇ ರೇಸ್ ಮಾಡಿ ನೋಡಿ, "ಎಂಜಿನ್ ಚೆನ್ನಾಗೇ ಇದೆಯಲ್ಲ" ಅನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ನಿಂತ ಗಾಡಿಯಲ್ಲಿ ಈ ದೋಷ ಕಾಣಿಸುವುದೇ ಇಲ್ಲ.

ಐಡ್ಲಿಂಗಲ್ಲಿ ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲು) ಬಹುಪಾಲು ಮುಚ್ಚಿರುತ್ತದೆ. ಸಿಲಿಂಡರ್ ಒಳಗೆ ಹೋಗುವ ಗಾಳಿ ಕಮ್ಮಿ, ಒತ್ತಡವೂ ಕಮ್ಮಿ. ಆಗ ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಕಷ್ಟವಿಲ್ಲ, ಸುಮಾರು 5,000ದಿಂದ 10,000 ವೋಲ್ಟ್ ಸಾಕು. ಲೋಡ್ ಬಿದ್ದಾಗ ಥ್ರಾಟಲ್ ಪೂರ್ತಿ ತೆರೆಯುತ್ತದೆ. ಸಿಲಿಂಡರ್ ತುಂಬಾ ಗಾಳಿ ಮತ್ತು ಪೆಟ್ರೋಲ್ ಒತ್ತರಿಸಿಕೊಂಡಿರುತ್ತದೆ. ಅದೇ ಗ್ಯಾಪ್ ದಾಟಲು ಈಗ 15,000, 20,000 ವೋಲ್ಟ್ ಬೇಕಾಗಬಹುದು. ಅಷ್ಟು ವೋಲ್ಟೇಜ್ ಹುಟ್ಟದಿದ್ದರೆ, ಅಥವಾ ದಾರಿಯಲ್ಲೇ ಎಲ್ಲೋ ಸೋರಿದರೆ, ಕಿಡಿ ತಪ್ಪುತ್ತದೆ. ಪೆಟ್ರೋಲಿನ ಲೆಕ್ಕವೂ ಹಾಗೇ. ಐಡ್ಲಿಂಗಿಗೆ ಹನಿ ಸಾಕು, ಏರಿಗೆ ಧಾರೆ ಬೇಕು. ಹಾಗಾಗಿ "ಲೋಡ್ ಬಿದ್ದಾಗ ಮಾತ್ರ" ಅನ್ನುವುದೇ ನಿಮ್ಮ ಕೈಲಿರುವ ದೊಡ್ಡ ಸುಳಿವು. ಮೆಕ್ಯಾನಿಕ್ಕಿಗೆ ಹೇಳುವಾಗಲೂ ಮೊದಲು ಅದನ್ನೇ ಹೇಳಿ.

ಇಲ್ಲಿ ಬರೆದಿರುವುದು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ), ಡಿಸ್ಟ್ರಿಬ್ಯೂಟರ್ (ಕಿಡಿಯ ಕರೆಂಟನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಭಾಗ) ಇರುವ ಹಳೇ ಪೆಟ್ರೋಲ್ ಎಂಜಿನ್ ಬಗ್ಗೆ. ಕಾರ್ಬುರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಇಂಜೆಕ್ಷನ್ ಗಾಡಿಗೂ ಬಹಳಷ್ಟು ಹೊಂದುತ್ತದೆ. ಡೀಸೆಲ್ಲಿಗೆ ಹೊಂದುವುದಿಲ್ಲ, ಅದರಲ್ಲಿ ಪ್ಲಗ್ಗಿನ ಕಿಡಿಯೇ ಇಲ್ಲ.

ಬಾನೆಟ್ ಎತ್ತುವ ಮುಂಚೆ

ಪ್ಲಗ್ ವೈರಿನ ಕರೆಂಟ್ ಜೋರಾಗಿ ಹೊಡೆಯುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಇನ್ನೂ ಜಾಸ್ತಿ. ಎಂಜಿನ್ ಓಡುವಾಗ ವೈರನ್ನು ಬರಿಗೈಲಿ ಮುಟ್ಟಬೇಡಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದ ಹತ್ತಿರವೂ ನಿಲ್ಲಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ತಿಳಿಯುವಷ್ಟರಲ್ಲಿ ತಲೆ ಸುತ್ತಿ ಬೀಳುತ್ತೀರಿ. ಸಡಿಲ ಬಟ್ಟೆ, ಶಾಲು, ಉದ್ದ ಕೂದಲು ಫ್ಯಾನ್ ಬೆಲ್ಟಿನಿಂದ ದೂರ ಇರಲಿ. ಪೆಟ್ರೋಲ್ ಪೈಪ್ ಬಿಚ್ಚುವ ದಿನ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ರಸ್ತೆಯ ಮೇಲೆ ಪರೀಕ್ಷೆ ಮಾಡುವಾಗ ಜೊತೆಗೊಬ್ಬರು ಇರಬೇಕು. ಓಡಿಸುವವರು ರಸ್ತೆ ನೋಡಲಿ, ಪಕ್ಕದವರು ಬರೆದುಕೊಳ್ಳಲಿ.

ಇದು ನಿಜಕ್ಕೂ ಮಿಸ್ಸಿಂಗಾ?

ಬೇರೆ ಮೂರು ದೋಷಗಳನ್ನೂ ಜನ ಮಿಸ್ಸಿಂಗ್ ಅಂತಲೇ ಕರೆಯುತ್ತಾರೆ. ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರುತ್ತದೆ, ಆದರೆ ಗಾಡಿ ಮುಂದೆ ಹೋಗುವುದಿಲ್ಲ ಅಂದರೆ ಅದು ಕ್ಲಚ್ ಜಾರುವುದು. ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಸದ್ದು ಬಂದರೆ ಅದು ನಾಕಿಂಗ್. ಟೈಮಿಂಗ್ (ಕಿಡಿ ಹಾರುವ ಹೊತ್ತು) ಮುಂದಾಗಿರಬಹುದು, ಎಂಜಿನ್ ಬಿಸಿ ಜಾಸ್ತಿ ಇರಬಹುದು, ಪೆಟ್ರೋಲ್ ಆ ಎಂಜಿನ್ನಿಗೆ ತಕ್ಕದ್ದಲ್ಲದಿರಬಹುದು. ಗೇರ್ ಹಾಕಿದಾಗ, ಬಿಟ್ಟಾಗ "ಟಕ್" ಅಂತ ಒಂದು ಏಟು ಬಿದ್ದರೆ ಎಂಜಿನ್ ಮೌಂಟಿಂಗ್ ಅಥವಾ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ನೋಡಿ.

ಮಿಸ್ಸಿಂಗ್ ಅಂದರೆ ಎಳೆತದ ಮಧ್ಯೆ ಒಂದೊಂದು ಹೊಡೆತ ಕಾಣೆಯಾಗುವುದು. ಸೈಲೆನ್ಸರಿನ ಸದ್ದಿನ ಲಯ ತಪ್ಪುತ್ತದೆ. ಕೆಲವೊಮ್ಮೆ ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರಿನಲ್ಲಿ "ಢಬ್" ಅಂತ ಸಿಡಿಯುತ್ತದೆ.

ಈಗ ಮುಖ್ಯವಾದ ಪ್ರಶ್ನೆ. ಅದು ಚೂಪಾದ ಜರ್ಕಾ, ಇಲ್ಲ ನಿಧಾನವಾಗಿ ಸೋಲುವುದಾ? ಯಾರೋ ಸ್ವಿಚ್ ಆಫ್ ಮಾಡಿ ಆನ್ ಮಾಡಿದ ಹಾಗೆ ಪಟಪಟ ಕಡಿದರೆ ಹೆಚ್ಚಾಗಿ ಕಿಡಿಯ ದೋಷ. ಎರಡು, ಮೂರು ನಿಮಿಷ ಚೆನ್ನಾಗಿ ಎಳೆದು, ಆಮೇಲೆ ಉಸಿರು ಕಟ್ಟಿದ ಹಾಗೆ ಕುಗ್ಗುತ್ತಾ ಬಂದರೆ ಹೆಚ್ಚಾಗಿ ಪೆಟ್ರೋಲಿನ ದೋಷ. ನೂರಕ್ಕೆ ನೂರು ಅಂತ ಹೇಳಲಾಗದು. ಆದರೂ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಕೈಯಲ್ಲಿ ಎಳೆಯುವ ಮ್ಯಾನ್ಯುಯಲ್ ಚೋಕ್ (ಗಾಳಿ ಕಮ್ಮಿ ಮಾಡಿ ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ) ಇದ್ದರೆ ಬಿಡಿಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಏರಿನಲ್ಲಿ ಮಿಸ್ ಹೊಡೆಯುತ್ತಿರುವಾಗಲೇ ಚೋಕನ್ನು ಕಾಲು ಭಾಗದಷ್ಟು ಎಳೆಯಿರಿ. ಗಾಡಿ ಸುಧಾರಿಸಿದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಇನ್ನೂ ಕೆಟ್ಟರೆ, ಪೆಟ್ರೋಲ್ ಆಗಲೇ ಜಾಸ್ತಿ ಹೋಗುತ್ತಿದೆ ಅಥವಾ ಕಿಡಿ ಸೋತಿದೆ. ನೋಡಿದ ಮೇಲೆ ಚೋಕ್ ವಾಪಸ್ ಒತ್ತಲು ಮರೆಯಬೇಡಿ.

ಪಟಪಟ ಕಡಿಯುವ ಜರ್ಕ್

ಮೊದಲು ಪ್ಲಗ್. ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ. ಬಿಸಿ ಇದ್ದಾಗ ಅಲ್ಯೂಮಿನಿಯಂ ಹೆಡ್ಡಿನ ಮರೆ (ಪ್ಲಗ್ ತಿರುಗಿ ಕೂರುವ ತಿರುಪಿನ ಗೆರೆ) ಕಿತ್ತು ಬಂದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಸುತ್ತಲಿನ ಧೂಳನ್ನು ಮೊದಲು ಊದಿ ತೆಗೆಯಿರಿ. ವೈರನ್ನು ಹಿಡಿದು ಎಳೆಯಬೇಡಿ, ತುದಿಯ ರಬ್ಬರ್ ಟೋಪಿ ಹಿಡಿದು ತಿರುಗಿಸುತ್ತಾ ತೆಗೆಯಿರಿ. ಬಿಚ್ಚಿದ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ.

ತಿಳಿ ಕಂದು ಬಣ್ಣ ಇದ್ದರೆ ಒಳಗಿನ ಉರಿ ಸರಿ ಇದೆ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಅಥವಾ ಆ ಸಿಲಿಂಡರಿನಲ್ಲಿ ಕಿಡಿಯೇ ಸರಿಯಾಗಿ ಹಾರುತ್ತಿಲ್ಲ. ಜಿಡ್ಡು ಜಿಡ್ಡಾದ ಕಪ್ಪು ಅಂದರೆ ಆಯಿಲ್ ಬರುತ್ತಿದೆ. ಬೆಳ್ಳಗೆ ಬೂದಿಯಾಗಿ, ಸಣ್ಣ ಗುಳ್ಳೆ ಎದ್ದಿದ್ದರೆ ಪೆಟ್ರೋಲ್ ಸಾಲದೆ ಅತಿಯಾಗಿ ಕಾದಿದೆ. ಈ ಬಿಳಿ ಬಣ್ಣವನ್ನು ಹಗುರವಾಗಿ ತಗೊಳ್ಳಬೇಡಿ. ಹಾಗೇ ಲೋಡ್ ಹಾಕಿ ಓಡಿಸಿದರೆ ವಾಲ್ವ್ ಸುಡುತ್ತದೆ, ಪಿಸ್ಟನ್ ಕೂಡ ತೂತಾಗಬಹುದು.

ಬಣ್ಣ ನೋಡಿ ಅಲ್ಲಿಗೇ ಬಿಡುವವರು ಜಾಸ್ತಿ. ಲೋಡ್ ಮಿಸ್ಸಿಂಗಿನಲ್ಲಿ ಅದಕ್ಕಿಂತ ಮುಖ್ಯ ಗ್ಯಾಪ್. ಓಡುತ್ತಾ ಓಡುತ್ತಾ ಪ್ಲಗ್ಗಿನ ತುದಿ ಸವೆದು ಗ್ಯಾಪ್ ಅಗಲವಾಗುತ್ತದೆ. ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್) ಇರುವ ಹಳೇ ಗಾಡಿಗಳಲ್ಲಿ ಪ್ಲಗ್ಗಿನ ಸರಿಯಾದ ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.8 ಮಿ.ಮೀ. ಇರುತ್ತದೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು. ಫೀಲರ್ ಗೇಜ್ (ದಪ್ಪ ಗುರುತಿಸಿದ ತೆಳು ಲೋಹದ ಪಟ್ಟಿ) ಹಾಕಿ ಅಳೆಯಿರಿ, ಕಣ್ಣಂದಾಜು ಬೇಡ. ಪಿಂಗಾಣಿಯ ಮೇಲೆ ಕೂದಲೆಳೆಯಂಥ ಬಿರುಕು, ಅಥವಾ ಪೆನ್ಸಿಲಲ್ಲಿ ಗೀಚಿದಂಥ ಕಪ್ಪು ಗೆರೆ ಇದ್ದರೆ ಕರೆಂಟ್ ಹೊರಗಿನಿಂದಲೇ ಹರಿದು ಹೋಗುತ್ತಿದೆ. ಆ ಪ್ಲಗ್ ಬಿಸಾಕಿ.

ಆಮೇಲೆ ಪ್ಲಗ್ ವೈರ್. ನನ್ನ ಹಳೇ ಪಿಕಪ್ಪಿನ ವಿಷಯ ಇಲ್ಲಿ ಹೇಳಲೇಬೇಕು. ಪ್ಲಗ್ ಹೊಸದು ಹಾಕಿಸಿದ್ದೆ, ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆಸಿದ್ದೆ. ಲೋಡ್ ಬಿದ್ದರೆ ಅದೇ ಪಟಪಟ. ಒಂದು ರಾತ್ರಿ ಲೈಟೆಲ್ಲ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಓಡಿಸಿ, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ವೈರುಗಳ ಮೇಲೆ ತೆಳ್ಳಗೆ ಹನಿ ಹಾಯಿಸಿದೆ. ಮೂರನೇ ಸಿಲಿಂಡರಿನ ವೈರು ಒಂದು ಕಬ್ಬಿಣದ ಕ್ಲಾಂಪಿಗೆ ತಾಗುವ ಜಾಗದಲ್ಲಿ ನೀಲಿ ದಾರದಂಥ ಬೆಳಕು ಕುಣಿಯುತ್ತಿತ್ತು. ಕಿವಿಗೊಟ್ಟರೆ ಟಿಕ್, ಟಿಕ್ ಅನ್ನುವ ಸದ್ದು. ಬೆಳಿಗ್ಗೆ ವೈರು ಬಿಚ್ಚಿ ಬೆಳಕಿಗೆ ಹಿಡಿದರೆ ಸಾಸಿವೆ ಕಾಳಿಗಿಂತ ಚಿಕ್ಕ ತೂತು, ಸುತ್ತ ಬೂದು ಬಣ್ಣದ ಸುಟ್ಟ ಉಂಗುರ. ಹಗಲಲ್ಲಿ ಅದೇ ವೈರನ್ನು ನಾನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ.

ಈ ಕತ್ತಲೆ ಪರೀಕ್ಷೆ ನೀವೂ ಮಾಡಿ. ನೀರು ಹನಿಯಷ್ಟೇ ಇರಲಿ, ಸುರಿಯಬೇಡಿ. ಕಾದ ಎಕ್ಸಾಸ್ಟ್ ಮೇಲೆ ಬೀಳದಿರಲಿ. ಒಬ್ಬರು ಒಳಗೆ ಕೂತು ಆಕ್ಸಲರೇಟರನ್ನು ಥಟ್ಟನೆ ಒತ್ತಿ ಬಿಡಲಿ. ಆ ಒಂದು ಕ್ಷಣ ಸಿಲಿಂಡರಿನ ಒತ್ತಡ ಏರಿ, ಲೋಡ್ ಬಿದ್ದಾಗಿನಂತೆ ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ. ಗಾಡಿ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ.

ಏನೂ ಕಾಣದಿದ್ದರೆ ಮಲ್ಟಿಮೀಟರಲ್ಲಿ ಒಂದೊಂದೇ ವೈರಿನ ಓಮ್ ನೋಡಿ. ಕಾರ್ಬನ್ ವೈರುಗಳಲ್ಲಿ ಉದ್ದ ಇದ್ದಷ್ಟೂ ಓಮ್ ಜಾಸ್ತಿ. ಉಳಿದವಕ್ಕೆ ಹೋಲಿಸಿದರೆ ಒಂದೇ ಒಂದು ತುಂಬಾ ಎತ್ತರಕ್ಕೆ ಹೋಗಿದ್ದರೆ ಅದು ಒಳಗೆ ತುಂಡಾಗಿದೆ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಒಳಗೆ ನೋಡಿ. ಬೇರು ಬಿಟ್ಟ ಹಾಗೆ ಕಪ್ಪು ಗೆರೆ ಇದ್ದರೆ ಆ ಕ್ಯಾಪಿನ ಆಯಸ್ಸು ಮುಗಿಯಿತು. ಉಜ್ಜಿ ಹಾಕಿದರೆ ನಾಲ್ಕು ದಿನ ಓಡಬಹುದು, ಅಷ್ಟೇ. ಮಧ್ಯದ ಕಾರ್ಬನ್ ಗುಂಡಿ ಸವೆದಿದೆಯಾ, ಸ್ಪ್ರಿಂಗ್ ಅದನ್ನು ಹೊರಗೆ ತಳ್ಳುತ್ತಿದೆಯಾ ನೋಡಿ. ಕ್ಯಾಪಿನ ಕೆಳಗೆ ಸುತ್ತುವ ರೋಟರನ್ನು ತೆಗೆದು ಮಗುಚಿ ಅಡಿಭಾಗವನ್ನೂ ನೋಡಿ. ಕೆಲವೊಮ್ಮೆ ಕರೆಂಟ್ ರೋಟರಿನ ಮೈಯನ್ನೇ ತೂತು ಮಾಡಿಕೊಂಡು ಕೆಳಗಿನ ಶಾಫ್ಟಿಗೆ ಇಳಿದಿರುತ್ತದೆ. ಮೇಲಿನಿಂದ ರೋಟರ್ ಹೊಸದರ ಹಾಗೇ ಕಾಣುತ್ತದೆ.

ಪಾಯಿಂಟ್ ಸುಟ್ಟು ಗುಳಿ ಬಿದ್ದಿದ್ದರೆ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಸಣ್ಣ ಡಬ್ಬಿ) ಜೊತೆಗೇ ಬದಲಿಸಿ. ಪಾಯಿಂಟ್ ಗ್ಯಾಪ್ ಬಹಳಷ್ಟು ಗಾಡಿಗಳಲ್ಲಿ 0.4 ಮಿ.ಮೀ. ಆಸುಪಾಸು. ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ, ಆದ್ದರಿಂದ ಪಾಯಿಂಟ್ ಮುಟ್ಟಿದ ಮೇಲೆ ಟೈಮಿಂಗ್ ನೋಡಲೇಬೇಕು.

ಇಲ್ಲೇ ಇನ್ನೊಂದು ದೋಷ ಅಡಗಿ ಕೂರುತ್ತದೆ, ಇದನ್ನು ಹುಡುಕುವವರು ಕಮ್ಮಿ. ಪಾಯಿಂಟ್ ಕೂರುವ ತಟ್ಟೆಯನ್ನು ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ ಎಳೆಯುವ ನಿರ್ವಾತದಿಂದ ಟೈಮಿಂಗ್ ಬದಲಿಸುವ ಭಾಗ) ಅತ್ತ ಇತ್ತ ತಿರುಗಿಸುತ್ತಿರುತ್ತದೆ. ಥ್ರಾಟಲ್ ಜೋರಾಗಿ ತೆರೆದಾಗ ವ್ಯಾಕ್ಯೂಮ್ ಬಿದ್ದು ತಟ್ಟೆ ಜರುಗುತ್ತದೆ. ಆ ತಟ್ಟೆಗೆ ಹೋಗುವ ಸಣ್ಣ ವೈರು ವರ್ಷಗಟ್ಟಲೆ ಬಾಗಿ ಬಾಗಿ ಒಳಗೆ ತುಂಡಾಗಿರುತ್ತದೆ, ಮೇಲಿನ ಸಿಪ್ಪೆ ಮಾತ್ರ ಚೆನ್ನಾಗಿರುತ್ತದೆ. ತಟ್ಟೆ ಒಂದು ಜಾಗದಲ್ಲಿದ್ದಾಗ ಎಳೆಗಳು ತಾಗುತ್ತವೆ, ಜರುಗಿದರೆ ಬಿಡುತ್ತವೆ. ಇಗ್ನಿಷನ್ ಆಫ್ ಮಾಡಿ, ಆ ವೈರನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ. ರಬ್ಬರಿನ ಹಾಗೆ ಹಿಗ್ಗಿದರೆ ಒಳಗೆ ತಾಮ್ರ ಇಲ್ಲ.

ಬಿಸಿಯಾದ ಮೇಲೆ ಮಾತ್ರ ಮಿಸ್ಸಿಂಗ್

ಅರ್ಧ ಗಂಟೆ ಓಡಿದ ಮೇಲೆ ಶುರು, ನಿಲ್ಲಿಸಿ ತಣ್ಣಗಾದರೆ ಮತ್ತೆ ಸರಿ. ಇದಕ್ಕೆ ಮೊದಲ ಅನುಮಾನ ಇಗ್ನಿಷನ್ ಕಾಯಿಲ್ (ಬ್ಯಾಟರಿಯ ಕರೆಂಟನ್ನು ಸಾವಿರಾರು ವೋಲ್ಟಿಗೆ ಏರಿಸುವ ಭಾಗ), ಆಮೇಲೆ ಕಂಡೆನ್ಸರ್. ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಪಾಯಿಂಟ್ ಬದಲಿಗಿರುವ ಮಾಡ್ಯೂಲ್. ತಣ್ಣಗಿದ್ದಾಗ ಮೀಟರಿಗೆ ಸರಿಯಾಗೇ ತೋರಿಸುತ್ತವೆ, ಹಾಗಾಗಿ ದೋಷ ಬಂದ ಕ್ಷಣದಲ್ಲೇ ಅಳೆಯಬೇಕು. ಪಾಯಿಂಟ್ ಗಾಡಿಯ ಕಾಯಿಲಿನ ಪ್ರೈಮರಿ ಸುರುಳಿ (ಪ್ಲಸ್, ಮೈನಸ್ ನಡುವಿನದು) ಸಾಮಾನ್ಯವಾಗಿ 3 ಓಮ್ ಹತ್ತಿರ. ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ಭಾಗ) ಇರುವ ಗಾಡಿಯಲ್ಲಿ 1.5 ಓಮ್ ಹತ್ತಿರ. ಇವೆರಡನ್ನು ಅದಲು ಬದಲು ಹಾಕಿದರೆ ಒಂದು ಕಡೆ ಕಿಡಿ ಸೊರಗುತ್ತದೆ, ಇನ್ನೊಂದು ಕಡೆ ಕಾಯಿಲ್ ಕಾದು ಪಾಯಿಂಟ್ ಸುಡುತ್ತದೆ.

ಇತ್ತೀಚೆಗೆ ಯಾರಾದರೂ ಕಾಯಿಲ್ ಬದಲಿಸಿದ್ದರೆ ಪ್ಲಸ್, ಮೈನಸ್ ವೈರುಗಳನ್ನು ನೋಡಿ. ತಿರುಗಾಮುರುಗಾ ಹಾಕಿದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗೂ ಚೆನ್ನಾಗಿರುತ್ತದೆ. ಆದರೆ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ, ಏರಿನಲ್ಲಿ ಸೋಲುತ್ತದೆ. ಎರಡು ನಿಮಿಷದ ಕೆಲಸ, ಸುಮ್ನೆ ಒಮ್ಮೆ ನೋಡಿಬಿಡಿ.

ಮಳೆಯಲ್ಲಿ, ಮಂಜಿನಲ್ಲಿ ಮಾತ್ರ ಅಂದರೆ ಕಾಯಿಲಿನ ಹಿಂದೆ ಓಡಬೇಡಿ. ವೈರು, ಕ್ಯಾಪ್ ಇವೆರಡೇ.

ಉಸಿರು ಕಟ್ಟಿದ ಹಾಗೆ ಕುಗ್ಗುವುದು

ಪೆಟ್ರೋಲ್ ಟ್ಯಾಂಕಿನ ಮುಚ್ಚಳದಿಂದ ಶುರು ಮಾಡಿ. ಪೆಟ್ರೋಲ್ ಖಾಲಿಯಾದಂತೆ ಟ್ಯಾಂಕಿಗೆ ಗಾಳಿ ಬರಬೇಕು. ಆ ಸಣ್ಣ ದಾರಿ ಧೂಳು ಕಟ್ಟಿಕೊಂಡರೆ ಟ್ಯಾಂಕಿನಲ್ಲಿ ನಿರ್ವಾತ ಆಗಿ, ಪಂಪಿಗೆ ಎಳೆಯಲಾಗುವುದಿಲ್ಲ. ಗಾಡಿ ಸೋತ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಮುಚ್ಚಳ ತೆಗೆಯಿರಿ. "ಸುಯ್" ಅಂತ ಗಾಳಿ ಒಳಗೆ ನುಗ್ಗಿದರೆ, ಆಮೇಲೆ ಸ್ವಲ್ಪ ದೂರ ಗಾಡಿ ಚೆನ್ನಾಗಿ ಎಳೆದರೆ, ಕಳ್ಳ ಸಿಕ್ಕಿದ ಹಾಗೇ. ಆಗ ಹತ್ತಿರದಲ್ಲಿ ಯಾರೂ ಬೀಡಿ, ಸಿಗರೇಟು ಹಚ್ಚಿರಬಾರದು.

ನಂತರ ಫ್ಯೂಯಲ್ ಫಿಲ್ಟರ್. ಬಾಣದ ಗುರುತು ಎಂಜಿನ್ ಕಡೆಗೆ ಇರಬೇಕು. ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪನ್ನು ಬಗ್ಗಿಸಿ ನೋಡಿ. ಅಲ್ಲಿ ಬಿರುಕಿದ್ದರೆ ಪಂಪು ಪೆಟ್ರೋಲ್ ಜೊತೆ ಗಾಳಿ ಎಳೆಯುತ್ತದೆ. ಎಂಜಿನ್ ಓಡುವಾಗ ಹೊರಗೆ ಒಂದು ಹನಿಯೂ ಸೋರದೇ ಇರಬಹುದು, ಆದ್ದರಿಂದಲೇ ಇದು ಕಣ್ಣಿಗೆ ಬೀಳುವುದಿಲ್ಲ.

ಪಂಪು ಎಷ್ಟು ಕೊಡುತ್ತಿದೆ ಅಂತ ಅಳೆಯಬಹುದು. ಎಂಜಿನ್ ಪೂರ್ತಿ ತಣ್ಣಗಿರಲಿ, ಬಯಲಿನಲ್ಲಿ ಮಾಡಿ. ಕಿಡಿ ಹಾರದಂತೆ ಕಾಯಿಲಿನ ಸಪ್ಲೈ ವೈರು ಬಿಚ್ಚಿ. ಕಾರ್ಬುರೇಟರಿಗೆ ಬರುವ ಪೈಪನ್ನು ಉದ್ದ ಪೈಪಿಗೆ ಸಿಕ್ಕಿಸಿ ದೂರದಲ್ಲಿಟ್ಟ ಲೋಹದ ಡಬ್ಬಿಗೆ ಬಿಡಿ, ಒಬ್ಬರು ಸೆಲ್ಫ್ ಹೊಡೆಯಲಿ. ಧಾರೆ ಜೋರಾಗಿ, ಗುಳ್ಳೆ ಇಲ್ಲದೆ ಬರಬೇಕು. ಮೆಕ್ಯಾನಿಕಲ್ ಪಂಪ್ ಆದರೆ ಒಂದು ನಿಮಿಷಕ್ಕೆ ಅರ್ಧ ಲೀಟರಾದರೂ ಬರಲಿ ಅಂತ ನಾನು ನೋಡುತ್ತೇನೆ. ಆದರೆ ಸೆಲ್ಫನ್ನು ಒಂದೇ ಸಮ ಒಂದು ನಿಮಿಷ ಹೊಡೆಯಬೇಡಿ, ಹತ್ತು ಸೆಕೆಂಡ್ ಹೊಡೆದು ಬಿಡುವು ಕೊಡುತ್ತಾ ಲೆಕ್ಕ ಹಾಕಿ. ಪೆಟ್ರೋಲ್ ವಾಸನೆ ಪೂರ್ತಿ ಹೋದ ಮೇಲೇ ಕಾಯಿಲ್ ವೈರು ಹಾಕಿ.

ಪಂಪಿನ ಧಾರೆ ಸರಿ ಇದ್ದರೆ ಕಾರ್ಬುರೇಟರಿನ ಸರದಿ. ಅದರಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನಲ್ಲಿ ಕಸ, ನೀರು, ತುಕ್ಕು ಇದೆಯಾ? ಪೆಟ್ರೋಲ್ ಹಾಯುವ ಸಣ್ಣ ತೂತಿನ ಮೇನ್ ಜೆಟ್ಟಿನಲ್ಲಿ ಒಂದು ಕಣ ಸಿಕ್ಕಿಕೊಂಡರೂ ಐಡ್ಲಿಂಗಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಐಡ್ಲಿಂಗಿಗೆ ಬೇರೆ ಜೆಟ್ ಇದೆ. ತಂತಿ ತೂರಿಸಿ ಚುಚ್ಚಬೇಡಿ, ತೂತು ಅಗಲವಾಗುತ್ತದೆ. ಗಾಳಿ ಊದಿ.

ಇಂಜೆಕ್ಷನ್ ಗಾಡಿ ಆದರೆ ಪೈಪನ್ನು ಸುಮ್ನೆ ಬಿಚ್ಚಬೇಡಿ. ಎಂಜಿನ್ ನಿಂತ ಮೇಲೂ ಒಳಗೆ ಒತ್ತಡ ಉಳಿದಿರುತ್ತದೆ, ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಗೇಜ್ ಇರುವ ಮೆಕ್ಯಾನಿಕ್ ಹತ್ತಿರ ಹೋಗಿ, "ಓಡುವಾಗ ಲೋಡಲ್ಲಿ ಒತ್ತಡ ಬೀಳುತ್ತಾ ನೋಡಿ" ಅಂತ ಕೇಳಿ.

ಐಡ್ಲಿಂಗಲ್ಲೂ ನಡುಕ, ಲೋಡಲ್ಲೂ ಮಿಸ್ಸಿಂಗ್

ಎಲ್ಲೋ ಗಾಳಿ ಸೋರುತ್ತಿದೆ, ಅದರಿಂದಲೇ ಏರಿನಲ್ಲಿ ಮಿಸ್ ಹೊಡೆಯುತ್ತಿದೆ ಅಂತ ಬಹಳ ಜನ ಹೇಳುತ್ತಾರೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಗಾಳಿ ಸೋರಿದರೆ ಅದರ ಪರಿಣಾಮ ಐಡ್ಲಿಂಗಲ್ಲಿ ಜಾಸ್ತಿ, ಪೂರ್ತಿ ಥ್ರಾಟಲಲ್ಲಿ ಕಮ್ಮಿ. ಪೂರ್ತಿ ತೆರೆದಾಗ ಒಳಗೆ ವ್ಯಾಕ್ಯೂಮ್ ಬಹುತೇಕ ಇರುವುದಿಲ್ಲ ಅಲ್ವಾ? ಹಾಗಾಗಿ ಐಡ್ಲಿಂಗ್ ಕೂಡ ಕೆಟ್ಟಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಬ್ರೇಕ್ ಬೂಸ್ಟರಿನ ಪೈಪು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಸೋಪಿನ ನೀರು ಹಚ್ಚಿ. ಸೋರುವ ಜಾಗಕ್ಕೆ ಬಿದ್ದಾಗ ನೀರು ಒಳಗೆ ಎಳೆದುಕೊಂಡು ಐಡ್ಲಿಂಗ್ ಬದಲಾಗುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್, ಕ್ಲೀನರ್ ಸ್ಪ್ರೇ ಹೊಡೆದು ಪರೀಕ್ಷೆ ಮಾಡುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಗಾಳಿ ಸೋರದಿದ್ದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತುವ ಭಾಗದ ಸಂದು) ನೋಡಿ, ಆಮೇಲೆ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ). ಎಲ್ಲ ಪ್ಲಗ್ ತೆಗೆದು, ಕಿಡಿ ಹಾರದಂತೆ ಮಾಡಿ, ಪೆಟ್ರೋಲ್ ಬರದಂತೆ ನೋಡಿಕೊಂಡು, ಆಕ್ಸಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೂ ಕಂಪ್ರೆಷನ್ ಗೇಜ್ ಸಿಕ್ಕಿಸಿ ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಅತಿ ಹೆಚ್ಚಿರುವುದಕ್ಕಿಂತ ಯಾವುದಾದರೂ ಶೇ. 15ಕ್ಕೂ ಜಾಸ್ತಿ ಕೆಳಗಿದ್ದರೆ ಅಲ್ಲಿ ಕಾಯಿಲೆ ಇದೆ. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಅವೆರಡರ ಮಧ್ಯೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ.

ಎತ್ತರದ ಆರ್‌ಪಿಎಂನಲ್ಲಿ ಮಾತ್ರ

ವಾಲ್ವ್ ಸ್ಪ್ರಿಂಗ್ ಸೋತಿರಬಹುದು, ಪಾಯಿಂಟಿನ ಸ್ಪ್ರಿಂಗ್ ಸೋತಿರಬಹುದು, ಸೈಲೆನ್ಸರ್ ಒಳಗೆ ಕಟ್ಟಿಕೊಂಡಿರಬಹುದು. ವ್ಯಾಕ್ಯೂಮ್ ಗೇಜ್ ಇದ್ದರೆ ಎಂಜಿನ್ನನ್ನು 2,500 ಆರ್‌ಪಿಎಂನಲ್ಲಿ ಹಿಡಿಯಿರಿ. ಮುಳ್ಳು ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಹೊಗೆ ಹೊರಗೆ ಹೋಗಲು ದಾರಿ ಸಾಲುತ್ತಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಮಿಟುಕಿದರೆ

ಇದು ಸ್ಕ್ಯಾನರ್ ಹಾಕಬಹುದಾದ ಗಾಡಿಗಳಿಗೆ. ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಪಿ0300 ಅಂದರೆ ಒಂದೇ ಸಿಲಿಂಡರ್ ಅಂತಿಲ್ಲ, ಅಲ್ಲಲ್ಲಿ ಮಿಸ್ ಆಗುತ್ತಿದೆ. ಪಿ0303 ಅಂದರೆ ಮೂರನೇ ಸಿಲಿಂಡರ್. ಒಂದೊಂದು ಪ್ಲಗ್ಗಿಗೂ ಬೇರೆ ಕಾಯಿಲ್ ಇದ್ದರೆ ಮೂರನೇ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೆ ಅದಲು ಬದಲು ಹಾಕಿ ನೋಡಿ. ಕೋಡ್ ಪಿ0302 ಆದರೆ ಕಾಯಿಲೇ ಹೋಗಿದೆ. ದೀಪ ಸುಮ್ನೆ ಉರಿಯದೆ ಮಿಟುಕುತ್ತಿದ್ದರೆ ಕಾಲು ತೆಗೆಯಿರಿ, ಲೋಡ್ ಇಳಿಸಿ. ಸುಡದ ಪೆಟ್ರೋಲ್ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕಾಯಿಸಿ ಹಾಳು ಮಾಡುತ್ತದೆ.

ಕೈ ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಬೇಕಾದಾಗ

ಎಕ್ಸಾಸ್ಟ್ ಪೈಪ್ ಕೆಂಪಗೆ ಕಾದಿದ್ದರೆ, ಪೆಟ್ರೋಲ್ ಸೋರುವುದು ಕಂಡರೆ, ಎಂಜಿನ್ ಒಳಗಿನಿಂದ ಕಬ್ಬಿಣ ಬಡಿಯುವ ಸದ್ದು ಬಂದರೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ನಿಲ್ಲಿಸಿ. ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಕಂಪ್ರೆಷನ್ ಬಿದ್ದಿದ್ದರೆ ಮುಂದಿನದು ಹೆಡ್ ಬಿಚ್ಚುವ ಕೆಲಸ, ಅದಕ್ಕೆ ಟಾರ್ಕ್ ರೆಂಚ್ ಮತ್ತು ಅನುಭವ ಎರಡೂ ಬೇಕು.

ಇನ್ನೊಂದು ವಿಷಯ. ಬಹಳ ದಿನ ಮಿಸ್ ಹೊಡೆಸಿಕೊಂಡೇ ಓಡಿಸಿದ್ದರೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ತೆಳ್ಳಗಾಗಿರುತ್ತದೆ. ಪೆಟ್ರೋಲ್ ವಾಸನೆ ಬಂದರೆ ರಿಪೇರಿ ಆದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ. ಬೇರಿಂಗ್ ಉಳಿಯಬೇಕಾದರೆ ಇದು ಬೇಕೇ ಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ರತಿ ಸಲವೂ ಅದೇ ಲೋಡ್, ಅದೇ ಏರು, ಅದೇ ಗೇರಲ್ಲಿ ಓಡಿಸಿ ನೋಡಿ. ಪ್ಲಗ್, ವೈರು, ಕ್ಯಾಪ್ ಎಲ್ಲ ಒಟ್ಟಿಗೆ ಹೊಸದು ಹಾಕಿದರೆ ಗಾಡಿ ಸರಿ ಹೋಗಬಹುದು, ಆದರೆ ಹೋಗಿದ್ದು ಯಾವುದು ಅಂತ ತಿಳಿಯುವುದಿಲ್ಲ. ನನ್ನ ಪಿಕಪ್ಪಿನಲ್ಲಿ ಆ ವೈರು ಬದಲಿಸಿದ ದಿನ ಅಷ್ಟೇ ಮೂಟೆ ಹಾಕಿ ಅದೇ ಏರಿಗೆ ಬಿಟ್ಟೆ. ಟಾಪ್ ಗೇರಲ್ಲೇ ತುದಿಯವರೆಗೆ ಹತ್ತಿತು. ಇಳಿದು ಬಾನೆಟ್ ಎತ್ತಿ, ಹೊಸ ವೈರು ಆ ಕ್ಲಾಂಪಿಗೆ ತಾಗದ ಹಾಗೆ ಒಂದು ರಬ್ಬರ್ ತುಂಡು ಸಿಕ್ಕಿಸಿದೆ.